ಊದಿದ ಕಾಲು, ವಿಟಮಿನ್ ಮಾತ್ರೆ ಮತ್ತು ನನ್ನ ಟೇಪು

ಕಾಲು ಊದಿಕೊಂಡಿದೆ ಎಂದು ಯಾರಿಗಾದರೂ ಹೇಳಿ ನೋಡಿ. ಎಲ್ಲರ ಹತ್ತಿರವೂ ಒಂದು ಮದ್ದು ಇರುತ್ತದೆ. ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಬ್ಲೌಸ್ ಹೊಲಿಸಲು ಬರುವ ಹೆಂಗಸರು ಅಳತೆ ಕೊಡುತ್ತಲೇ ಸಲಹೆಯನ್ನೂ ಕೊಟ್ಟು ಹೋಗುತ್ತಿದ್ದರು. ಬಾರ್ಲಿ ನೀರು ಕುಡಿ. ಹುರುಳಿ ಕಟ್ಟು ಕುಡಿ. ಕೊಮ್ಮೆ ಸೊಪ್ಪು ಸಿಕ್ಕರೆ ಸಾರು ಮಾಡಿಕೊ. ದಿನಾ ಒಂದು ಎಳನೀರು. ಇದೆಲ್ಲ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಎಂದು ಒಬ್ಬರು ತೀರ್ಪನ್ನೇ ಕೊಟ್ಟರು. ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ನಿಜ. ಆದರೆ ಅದು ಹಲ್ಲನ್ನು, ಮೂಳೆಯನ್ನು ಹಾಳು ಮಾಡುತ್ತದೆಯೇ ಹೊರತು ಕಾಲಲ್ಲಿ ನೀರು ತುಂಬಿಸುವುದಿಲ್ಲ.

ಎಲ್ಲರೂ ಒಂದೇ ಬಾಯಲ್ಲಿ ಹೇಳಿದ್ದು ಮಾತ್ರ ವಿಟಮಿನ್. "ಬಿ-ಕಾಂಪ್ಲೆಕ್ಸ್ ತಗೊಳ್ಳಕ್ಕಾ, ತಾನಾಗೇ ಇಳಿದುಹೋಗುತ್ತೆ."

ವರಮಹಾಲಕ್ಷ್ಮಿ ಹಬ್ಬದ ಮುಂಚಿನ ದಿನಗಳು ಅವು. ಆಷಾಢದಲ್ಲಿ ನೊಣ ಹೊಡೆಯುವ ಅಂಗಡಿ ಶ್ರಾವಣ ಬಂದರೆ ತುಂಬಿಹೋಗುತ್ತದೆ. ಬೆಳಿಗ್ಗೆ ಮಷೀನಿನ ಮುಂದೆ ಕೂತರೆ ರಾತ್ರಿ ಎದ್ದೇಳುವುದು. ಮೊದಲು ಕಾಲಲ್ಲಿ ತುಳಿಯುವ ಮಷೀನು ಇತ್ತು. ಮೋಟರ್ ಹಾಕಿಸಿದ ಮೇಲೆ ಪಾದ ತುದಿಯಲ್ಲಿ ಒತ್ತಿದರೆ ಸಾಕು, ಮೀನಖಂಡಕ್ಕೆ ಕೆಲಸವೇ ಇಲ್ಲ. ಸಂಜೆ ಹೊತ್ತಿಗೆ ಬೆಳ್ಳಿ ಚೈನು ಕಾಲಿಗೆ ಕಚ್ಚಿಕೊಳ್ಳುತ್ತಿತ್ತು. ಕಾಲುಂಗುರ ಸೋಪು ಹಚ್ಚಿದರೂ ತಿರುಗುತ್ತಿರಲಿಲ್ಲ. ಗಿಣ್ಣಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ ತೆಗೆದರೆ ಗುಂಡಿ ಬಿದ್ದು, ಸ್ವಲ್ಪ ಹೊತ್ತು ಹಾಗೇ ಇರುತ್ತಿತ್ತು. ಎರಡೂ ಕಾಲು ಒಂದೇ ಸಮ. ನೋವು ಇಲ್ಲ. ಬೆಳಿಗ್ಗೆ ಏಳುವಾಗ ಅರ್ಧಕ್ಕರ್ಧ ಇಳಿದಿರುತ್ತಿತ್ತು.

ಮೆಡಿಕಲ್ ಸ್ಟೋರ್‌ನ ಹುಡುಗ ಕಾಲು ನೋಡಲೂ ಇಲ್ಲ. ಒಂದು ಬಿ-ಕಾಂಪ್ಲೆಕ್ಸ್ ಸ್ಟ್ರಿಪ್ಪು, ಒಂದು ಬಿ6 ಸ್ಟ್ರಿಪ್ಪು ತೆಗೆದು ಕೌಂಟರ್ ಮೇಲಿಟ್ಟ. "ನೀರು ಹೋಗೋ ಮಾತ್ರೆ ಬೇಕಾದ್ರೂ ಇದೆ ಅಕ್ಕಾ" ಎಂದ. ಅದು ಬೇಡ ಎಂದೆ. ನಮ್ಮ ಮಾವನವರಿಗೆ ಹಾರ್ಟ್ ತೊಂದರೆ ಇದೆ, ಅವರು ಆ ಮಾತ್ರೆ ತಗೊಳ್ಳುತ್ತಾರೆ. ಅದಕ್ಕೆ ಆಗಾಗ ರಕ್ತ ಪರೀಕ್ಷೆ ಬೇಕು, ಸೋಡಿಯಂ, ಪೊಟ್ಯಾಸಿಯಂ ನೋಡಬೇಕು ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಚಾಕಲೇಟ್ ಕೊಟ್ಟ ಹಾಗೆ ಕೊಡುವ ಮಾತ್ರೆ ಅಲ್ಲ ಅದು.

ವಿಟಮಿನ್ ಮಾತ್ರೆಗಳನ್ನು ತಂದೆ. ನುಂಗುವುದಕ್ಕೆ ಮೊದಲು ಮಗಳು ಕಸಿದುಕೊಂಡಳು. ಅವಳು ಡಿ.ಫಾರ್ಮ ಓದುತ್ತಿದ್ದಾಳೆ, ಹಾಗಾಗಿ ಮನೆಗೆ ಬರುವ ಪ್ರತಿ ಮಾತ್ರೆಯೂ ಅವಳ ಚೆಕ್‌ಪೋಸ್ಟ್ ದಾಟಬೇಕು. ಬಿ6 ಸ್ಟ್ರಿಪ್ಪು ತಿರುಗಿಸಿ ನೋಡಿದಳು. ಒಂದೊಂದು ಮಾತ್ರೆಯೂ 100 ಮಿಲಿಗ್ರಾಂ. "ಅಮ್ಮ, ಮನುಷ್ಯರಿಗೆ ದಿನಕ್ಕೆ ಬೇಕಾಗೋದು 2 ಮಿಲಿಗ್ರಾಂ ಅಷ್ಟೇ" ಎಂದಳು. ಅಷ್ಟು ಬಿ6 ಕಡಲೆಕಾಳು, ಆಲೂಗಡ್ಡೆ, ಬಾಳೆಹಣ್ಣಿನಲ್ಲೇ ಸಿಕ್ಕಿಬಿಡುತ್ತದಂತೆ. ಅಮೆರಿಕದವರು ದಿನಕ್ಕೆ 100 ಮಿಲಿಗ್ರಾಂ ದಾಟಬೇಡಿ ಎಂದು ಗೆರೆ ಹಾಕಿದ್ದಾರೆ. ಯುರೋಪಿನವರು 2023ರಲ್ಲಿ ತಮ್ಮ ಗೆರೆಯನ್ನು 12 ಮಿಲಿಗ್ರಾಂಗೆ ಇಳಿಸಿದರು. ಯಾಕೆ ಅಂದರೆ ಜಾಸ್ತಿ ಬಿ6 ತುಂಬಾ ದಿನ ತಗೊಂಡರೆ ನರಕ್ಕೆ ಪೆಟ್ಟು. ಕೈಕಾಲು ಜೋಮು ಹಿಡಿಯುತ್ತದೆ. ತಮಾಷೆ ನೋಡಿ, ಟಿಬಿ ಮಾತ್ರೆ ತಗೊಳ್ಳುವವರಿಗೆ ಕೈಕಾಲು ಜೋಮು ಹಿಡಿಯದಿರಲಿ ಎಂದು ಕೊಡುವುದೂ ಇದೇ ಬಿ6. ಕಡಿಮೆಯಾದರೂ ಜೋಮು, ಜಾಸ್ತಿಯಾದರೂ ಜೋಮು. ನನ್ನ ಹೊಟ್ಟೆಪಾಡು ಇರುವುದೇ ಬೆರಳ ತುದಿಯಲ್ಲಿ. ಬಿ6 ಸ್ಟ್ರಿಪ್ಪು ವಾಪಸ್ ಹೋಯಿತು.

ಬಿ-ಕಾಂಪ್ಲೆಕ್ಸ್ ಮಾತ್ರ ಮಗಳ ಚೆಕ್‌ಪೋಸ್ಟ್ ದಾಟಿತು. ಅದರ ಡೋಸು ಸಣ್ಣದು, ತೊಂದರೆ ಇಲ್ಲ ಎಂದಳು. ಆದರೆ ಕೆಲಸ ಮಾಡುತ್ತದೋ ಇಲ್ಲವೋ ಗೊತ್ತಾಗುವುದು ಹೇಗೆ? ಕಣ್ಣಂದಾಜು ನಂಬುವ ಹಾಗಿಲ್ಲ. ಹಬ್ಬದ ಕೆಲಸ ಮುಗಿದ ದಿನ ಕಾಲು ಇಳಿದ ಹಾಗೇ ಕಾಣುತ್ತದೆ. ಅದಕ್ಕೆ ಅಂಗಡಿಯ ಟೇಪನ್ನೇ ಹಿಡಿದೆ. ಗಿಣ್ಣಿನ ಮೂಳೆಯಿಂದ ನಾಲ್ಕು ಬೆರಳು ಮೇಲೆ ಬಾಲ್‌ಪೆನ್ನಿನಲ್ಲಿ ಒಂದು ಗುರುತು. ಬೆಳಿಗ್ಗೆ ಹಾಸಿಗೆಯಿಂದ ಎದ್ದ ತಕ್ಷಣ ಒಂದು ಅಳತೆ, ಅಂಗಡಿ ಮುಚ್ಚುವಾಗ ಇನ್ನೊಂದು. ಟೇಪು ಎಳೆಯಬಾರದು, ಸಡಿಲವೂ ಬಿಡಬಾರದು. ಅದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲೇ ನನ್ನ ಕಾಲಿಗೂ ಜಾಗ ಸಿಕ್ಕಿತು. ಬೆಳಿಗ್ಗೆ 9 ಇಂಚು, ಸಂಜೆ 9 ಮುಕ್ಕಾಲು, ಕೆಲವು ದಿನ 10.

ಸ್ಟ್ರಿಪ್ಪು ಮುಗಿಯಿತು. ಇನ್ನೊಂದು ತಂದೆ, ಅದೂ ಮುಗಿಯಿತು. ಮೂತ್ರ ಮಾತ್ರ ಅರಿಶಿನ ಕದಡಿದ ಬಣ್ಣಕ್ಕೆ ತಿರುಗಿತು, ಅದು ಬಿ2 ಮಾಡುವ ಕೆಲಸ. ಪುಸ್ತಕದ ಅಂಕಿಗಳು ಅಲ್ಲೇ ನಿಂತಿದ್ದವು. ಕಾಲಿಗೂ ಆ ಮಾತ್ರೆಗೂ ಸಂಬಂಧವೇ ಇಲ್ಲ ಎಂದು ಟೇಪು ಹೇಳಿಬಿಟ್ಟಿತು.

ಹಬ್ಬ ಮುಗಿದ ಮೇಲೆ ಫಿಜಿಷಿಯನ್ ಹತ್ತಿರ ಹೋದೆ. ಚೀಟಿ, ಕ್ಯೂ, ಕಾಯುವುದು ಇವೆಲ್ಲ ನಿಮಗೂ ಗೊತ್ತಿರುವುದೇ, ಬಿಡಿ. ಡಾಕ್ಟರ್ ಮೇಡಂ ನನ್ನ ಪುಸ್ತಕ ನೋಡಿ ನಕ್ಕರು, ಆಮೇಲೆ ಗಂಭೀರವಾಗಿ ಓದಿದರು. "ಇಷ್ಟು ಚೆನ್ನಾಗಿ ಯಾರೂ ಬರೆದುಕೊಂಡು ಬರಲ್ಲಮ್ಮ" ಎಂದರು. ಆಮೇಲೆ ಪ್ರಶ್ನೆಗಳು ಶುರುವಾದವು. ಒಂದೇ ಕಾಲೋ, ಎರಡೂ ಕಾಲೋ? ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಮೀನಖಂಡ ನೋಯುತ್ತಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅದಕ್ಕೆ ಅವತ್ತೇ ಓಡಬೇಕಂತೆ. ಮಲಗಿದರೆ ಉಸಿರು ಕಟ್ಟುತ್ತದಾ? ಎರಡು ಮೂರು ದಿಂಬು ಬೇಕಾಗುತ್ತದಾ? ಅದು ಹಾರ್ಟಿಗೆ. ಬೆಳಿಗ್ಗೆ ಕಣ್ಣಿನ ಸುತ್ತ ಊದಿರುತ್ತದಾ? ಮೂತ್ರದಲ್ಲಿ ನೊರೆ ಬರುತ್ತದಾ? ಅದು ಕಿಡ್ನಿಗೆ. ಹೊಟ್ಟೆ ಉಬ್ಬರ, ಕಣ್ಣು ಹಳದಿ? ಅದು ಲಿವರಿಗೆ. ಎಲ್ಲದಕ್ಕೂ ಇಲ್ಲ ಎಂದೆ.

"ಬೇರೆ ಯಾವ ಮಾತ್ರೆ ತಗೊಳ್ತಿದ್ದೀರಾ?"

ಬಿಪಿ ಮಾತ್ರೆ. ಆಮ್ಲೋಡಿಪಿನ್. ಮೊದಲು 5 ಮಿಲಿಗ್ರಾಂ ಇತ್ತು, ಯುಗಾದಿ ಕಳೆದ ಮೇಲೆ ಬಿಪಿ ಇಳಿಯಲಿಲ್ಲವೆಂದು 10 ಮಾಡಿದ್ದರು. ಮೇಡಂ ಪೆನ್ನು ಕೆಳಗಿಟ್ಟರು. ಕಾಲು ಊದಲು ಶುರುವಾಗಿದ್ದು ಯಾವಾಗ ಎಂದು ಮತ್ತೆ ಕೇಳಿದರು. ಯೋಚಿಸಿದೆ. ಮಾವಿನಹಣ್ಣಿನ ಕಾಲದಲ್ಲಿ ಚೈನು ಬಿಗಿಯಾಗಿತ್ತು. ಯುಗಾದಿ ಮುಗಿದು ಹೆಚ್ಚು ದಿನ ಆಗಿರಲಿಲ್ಲ.

ಆದರೂ ಅವರು ನೇರವಾಗಿ ಮಾತ್ರೆಯ ಮೇಲೆ ತಪ್ಪು ಹೊರಿಸಲಿಲ್ಲ. ಬೇರೆಯದೆಲ್ಲ ಇಲ್ಲ ಎಂದು ಗೊತ್ತಾಗಬೇಕಲ್ವಾ. ಪರೀಕ್ಷೆ ಬರೆದರು. ಬೆಳಗಿನ ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕಿಡ್ನಿ ಹೇಗಿದೆ ಎಂದು ಹೇಳುವ ಕ್ರಿಯಾಟಿನಿನ್, ಅಲ್ಬುಮಿನ್, ಲಿವರ್, ಥೈರಾಯ್ಡ್, ಹಿಮೋಗ್ಲೋಬಿನ್. ಒಂದು ಇಸಿಜಿ, ಒಂದು ಎಕೋ, ಅಂದರೆ ಹಾರ್ಟಿನ ಸ್ಕ್ಯಾನ್. ವಿಟಮಿನ್ ಮಟ್ಟ ನೋಡುವ ದೊಡ್ಡ ಪ್ಯಾಕೇಜ್ ಮಾಡಿಸಲಾ ಎಂದು ನಾನೇ ಕೇಳಿದೆ. ಲ್ಯಾಬಿನ ಗೋಡೆ ತುಂಬಾ ಅದರದೇ ಪೋಸ್ಟರ್ ಇತ್ತು. ಬೇಡ ಎಂದರು. "ಊತಕ್ಕೆ ನಾನು ಮೊದಲು ನೋಡೋದು ಅಲ್ಬುಮಿನ್, ವಿಟಮಿನ್ ಅಲ್ಲ."

ಅಲ್ಬುಮಿನ್ ಅಂದರೆ ಲಿವರ್ ತಯಾರಿಸುವ ಒಂದು ಪ್ರೋಟೀನು. ರಕ್ತದಲ್ಲಿರುವ ನೀರನ್ನು ರಕ್ತನಾಳದ ಒಳಗೇ ಹಿಡಿದಿಡುವುದು ಅದರ ಕೆಲಸ. ಒಂದು ಡೆಸಿಲೀಟರ್ ರಕ್ತದಲ್ಲಿ 3.5ರಿಂದ 5 ಗ್ರಾಂ ಇರಬೇಕು. ಅದು ತುಂಬಾ ಇಳಿದರೆ ನೀರು ಸೋರಿ ಕಾಲಿಗೆ, ಹೊಟ್ಟೆಗೆ ಇಳಿಯುತ್ತದೆ. ಕಿಡ್ನಿ ಸೋರಿಸಿದರೂ ಇಳಿಯಬಹುದು, ಲಿವರ್ ಸೋತರೂ ಇಳಿಯಬಹುದು. ಬರೀ ಗಂಜಿ ಕುಡಿದು ಬೆಳೆಯುವ ಮಕ್ಕಳ ಕಾಲು ಊದುವುದರಲ್ಲೂ ಇದರ ಪಾಲಿದೆಯಂತೆ. ನನ್ನದು 4.1 ಬಂತು. ಕ್ರಿಯಾಟಿನಿನ್ 0.8, ಅದೂ ಸರಿ. ಮೂತ್ರದಲ್ಲಿ ಪ್ರೋಟೀನ್ ಇಲ್ಲ. ಥೈರಾಯ್ಡ್, ಎಕೋ ಎರಡೂ ಸರಿ. ಹಿಮೋಗ್ಲೋಬಿನ್ ಮಾತ್ರ 10.8. ಹೆಂಗಸರಿಗೆ 12 ಇರಬೇಕು. ತೀರಾ ಕಡಿಮೆಯಾದರೆ ಅದರಿಂದಲೂ ಕಾಲು ಊದುತ್ತದೆ, ಆದರೆ ಇಷ್ಟಕ್ಕೆ ಊದುವುದಿಲ್ಲ ಎಂದರು. ಕಬ್ಬಿಣದ ಮಾತ್ರೆ ಬರೆದರು. ಅದು ಊತಕ್ಕಲ್ಲ, ನನ್ನ ಸುಸ್ತಿಗೆ.

ಹಾಗಾದರೆ ಬಿಪಿ ಮಾತ್ರೆ ಕಾಲನ್ನು ಊದಿಸುವುದು ಹೇಗೆ? ಇದನ್ನು ಅವರು ಹೇಳಿದ ರೀತಿ ನನಗೆ ಇಷ್ಟವಾಯಿತು. ನಾವು ದ್ರಾಕ್ಷಿ ತೋಟದವರು ಎಂದು ಗೊತ್ತಾಗಿ, "ನಿಮ್ಮ ಡ್ರಿಪ್ ಪೈಪ್ ನೆನಪು ಮಾಡಿಕೊಳ್ಳಿ" ಎಂದರು. ಮೇಲಿನ ವಾಲ್ವ್ ಪೂರ್ತಿ ತೆರೆದು, ಕೊನೆಯ ಕಡೆ ಹಾಗೇ ಬಿಟ್ಟರೆ ಏನಾಗುತ್ತದೆ? ಮಧ್ಯದ ಪೈಪಿನಲ್ಲಿ ಒತ್ತಡ ಏರಿ ಜಾಯಿಂಟ್‌ಗಳಲ್ಲೆಲ್ಲ ಜಿನುಗುತ್ತದೆ. ಆಮ್ಲೋಡಿಪಿನ್ ರಕ್ತ ಒಳಗೆ ತರುವ ಸಣ್ಣ ನಾಳಗಳನ್ನು ಅಗಲ ಮಾಡುತ್ತದೆ, ಬಿಪಿ ಇಳಿಯುವುದು ಅದರಿಂದಲೇ. ರಕ್ತ ವಾಪಸ್ ಒಯ್ಯುವ ನಾಳಗಳನ್ನು ಅಷ್ಟು ಅಗಲ ಮಾಡುವುದಿಲ್ಲ. ನಡುವಿನ ಕೂದಲೆಳೆಯಂಥ ನಾಳಗಳಿಂದ ನೀರು ಜಿನುಗಿ, ದಿನವೆಲ್ಲ ಇಳಿಬಿಟ್ಟ ಕಾಲಿನ ಗಿಣ್ಣಿಗೆ ಸೇರುತ್ತದೆ. ಡೋಸು ಏರಿದಷ್ಟೂ ಇದು ಜಾಸ್ತಿ, ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಮೈಯಲ್ಲಿ ನೀರು ಹೆಚ್ಚಾಗಿ ಆಗುವ ಊತ ಇದಲ್ಲ, ಇರುವ ನೀರೇ ಜಾಗ ಬದಲಾಯಿಸಿರುತ್ತದೆ. ಹಾಗಾಗಿ ನೀರು ಹೋಗುವ ಮಾತ್ರೆ ನುಂಗಿದರೂ ಇದು ಅಷ್ಟಾಗಿ ಇಳಿಯುವುದಿಲ್ಲ. ಇನ್ನು ವಿಟಮಿನ್ ಏನು ಮಾಡೀತು?

ಬಿಪಿ ಮಾತ್ರೆಯನ್ನು ನಾನೇ ನಿಲ್ಲಿಸಿಬಿಡುತ್ತೇನೆ ಎಂದು ಅವರಿಗೆ ಅನುಮಾನ ಬಂದಿರಬೇಕು. ಕೈ ಎತ್ತಿ, ನಿಲ್ಲಿಸಬೇಡಿ, ನಾನೇ ಬದಲಿಸಿ ಕೊಡುತ್ತೇನೆ ಎಂದರು. 10 ಇದ್ದದ್ದನ್ನು 5ಕ್ಕೆ ಇಳಿಸಿ, ಜೊತೆಗೆ ಟೆಲ್ಮಿಸಾರ್ಟನ್ ಎಂಬ ಇನ್ನೊಂದು ಬಿಪಿ ಮಾತ್ರೆ ಸೇರಿಸಿದರು. ಅದು ವಾಪಸ್ ಒಯ್ಯುವ ನಾಳಗಳನ್ನೂ ಸಡಿಲ ಮಾಡುವುದರಿಂದ ಜಿನುಗುವುದು ಕಡಿಮೆಯಾಗುತ್ತದೆ.

ಆದರೆ ಈ ಹೊಸ ಮಾತ್ರೆಗೂ ಒಂದು ಷರತ್ತು ಇತ್ತು. ಅದು ಮೈಯಲ್ಲಿ ಪೊಟ್ಯಾಸಿಯಂ ಉಳಿಸುತ್ತದೆ. ಊತಕ್ಕೆ ಪೊಟ್ಯಾಸಿಯಂ ಒಳ್ಳೆಯದು ಎನ್ನುವುದು ಎಲ್ಲರ ಬಾಯಲ್ಲೂ ಇದೆ, ಪೂರ್ತಿ ಸುಳ್ಳೂ ಅಲ್ಲ. ಪೊಟ್ಯಾಸಿಯಂ ಇರುವ ಹಣ್ಣು ತರಕಾರಿ ತಿಂದರೆ ಮೈ ಸೋಡಿಯಂ ಅನ್ನು ಸುಲಭವಾಗಿ ಹೊರಗೆ ಹಾಕುತ್ತದೆ. ನನಗೆ ಬಾಳೆಹಣ್ಣು, ಸೊಪ್ಪು, ಆಗೊಮ್ಮೆ ಈಗೊಮ್ಮೆ ಎಳನೀರು ಪರವಾಗಿಲ್ಲ, ಕಿಡ್ನಿ ಚೆನ್ನಾಗಿದೆಯಲ್ಲ. ಆದರೆ ಲೋ ಸೋಡಿಯಂ ಉಪ್ಪು ಬೇಡ ಎಂದರು. ಅದರಲ್ಲಿ ಮಾಮೂಲಿ ಉಪ್ಪಿನ ಒಂದು ಭಾಗ ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಈ ಜಾತಿಯ ಬಿಪಿ ಮಾತ್ರೆ ತಗೊಳ್ಳುವವರಿಗೆ, ಕಿಡ್ನಿ ತೊಂದರೆ ಇರುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹಾರ್ಟಿನ ಲಯವೇ ತಪ್ಪಬಹುದು. ಆರೋಗ್ಯಕ್ಕೆ ಒಳ್ಳೆಯದು ಎಂದು ನಾದಿನಿ ಬೆಂಗಳೂರಿನಿಂದ ತಂದುಕೊಟ್ಟ ಅಂಥದ್ದೇ ಒಂದು ಪ್ಯಾಕೆಟ್ ನಮ್ಮ ಅಡುಗೆಮನೆಯಲ್ಲೂ ಇತ್ತು.

ಉಪ್ಪಿನ ವಿಷಯಕ್ಕೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಎನ್ನುತ್ತದೆ. ಅಂದರೆ ಒಂದು ಟೀ ಚಮಚ, ಅದೂ ಎಲ್ಲ ಸೇರಿ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಬೇಕರಿಯ ಖಾರಾ ಬನ್ನು, ಎಲ್ಲ. ನಮ್ಮ ಮನೆಯಲ್ಲಿ ಬಸ್ಸಾರಿಗೆ ಒಂದು ಉಪ್ಪು, ಪಲ್ಯಕ್ಕೆ ಒಂದು, ನೆಂಚಿಕೊಳ್ಳಲು ಉಪ್ಪಿನಕಾಯಿ ಬೇರೆ. ಮುದ್ದೆಗೆ ಉಪ್ಪು ಹಾಕುವುದಿಲ್ಲ ಎನ್ನುವುದೊಂದೇ ಸಮಾಧಾನ. ಹಪ್ಪಳ ಬಿಟ್ಟೆ. ಉಪ್ಪಿನಕಾಯಿ ಬಿಡಲು ಆಗಲಿಲ್ಲ, ಮಾವಿನಕಾಯಿ ಹೋಳಿನ ಬದಲು ರಸ ಬೆರಳಿಗೆ ಹಚ್ಚಿಕೊಳ್ಳುತ್ತೇನೆ. ಇದನ್ನು ಮೇಡಂಗೆ ಹೇಳಿಲ್ಲ.

ರಿಪೋರ್ಟ್ ತೋರಿಸಲು ಹೋದ ದಿನ ಕ್ಲಿನಿಕ್ಕಿನಲ್ಲಿ ಜನ ಕಡಿಮೆ ಇದ್ದರು. ಅವತ್ತು ನಾನು ಮನಸ್ಸಿನಲ್ಲಿದ್ದ ಪ್ರಶ್ನೆ ಕೇಳಿಯೇಬಿಟ್ಟೆ. ವಿಟಮಿನ್‌ನಿಂದ ಊತ ಇಳಿಯುತ್ತದೆ ಎಂದು ಊರೆಲ್ಲ ಹೇಳುವುದು ಸುಮ್ನೆ ಹುಟ್ಟಿದ ಮಾತಾ? ಅಲ್ಲ ಎಂದರು. ಒಂದು ವಿಟಮಿನ್‌ಗೆ ಅದು ನೂರಕ್ಕೆ ನೂರು ನಿಜ. ಅದು ಬಿ1, ಥಯಾಮಿನ್. ಅದು ತೀರಾ ಕಡಿಮೆಯಾದರೆ ಬೆರಿಬೆರಿ ಎಂಬ ಕಾಯಿಲೆ ಬರುತ್ತದೆ. ಅದರಲ್ಲೊಂದು ಬಗೆಯಲ್ಲಿ ಹಾರ್ಟ್ ಸೋತು ಕಾಲು, ಮೈ ಎಲ್ಲ ಊದಿಕೊಳ್ಳುತ್ತದೆ. ಬಿ1 ಕೊಟ್ಟರೆ ಬೇಗ ಇಳಿಯಲು ಶುರುವಾಗುತ್ತದೆ, ನೋಡಿದವರಿಗೆ ಪವಾಡ ಅನ್ನಿಸುವಷ್ಟು ಬೇಗ. ಅಕ್ಕಿಯನ್ನು ಬೆಳ್ಳಗೆ ಪಾಲಿಷ್ ಮಾಡುವ ಮಿಲ್ಲುಗಳು ಬಂದ ಮೇಲೆ ಏಷ್ಯಾದಲ್ಲಿ ಈ ಕಾಯಿಲೆ ಜೋರಾಯಿತು. ಬಿ1 ಇರುವುದೇ ತೌಡಿನಲ್ಲಿ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್‌ಮನ್, ಬರೀ ಬಿಳಿ ಅನ್ನ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನು, ತೌಡಿರುವ ಅಕ್ಕಿ ಹಾಕಿದರೆ ಮತ್ತೆ ಎದ್ದು ಓಡಾಡುವುದನ್ನು ನೋಡಿದ. 1929ರಲ್ಲಿ ನೊಬೆಲ್ ಬಂತು. ಕೋಳಿ ಸಾಕುವ ನಮ್ಮೂರಿನವರಿಗೆ ಈ ಕಥೆ ಹೇಳಿದರೆ ಚೆನ್ನಾಗಿರುತ್ತದೆ ಅನ್ನಿಸಿತು.

"ನೀವು ಮುದ್ದೆ ತಿನ್ನೋರು, ಕಾಳು ತಿನ್ನೋರು, ನಿಮಗೆ ಬಿ1 ಯಾಕೆ ಕಡಿಮೆ ಆಗುತ್ತೆ?" ಎಂದರು. ರಾಗಿಯಲ್ಲಿ ಬಿಳಿ ಅಕ್ಕಿಗಿಂತ ಬಿ1 ಹಲವು ಪಟ್ಟು ಜಾಸ್ತಿ. ಈಗ ಬಿ1 ಕಡಿಮೆಯಾಗುವುದು ಹೆಚ್ಚಾಗಿ ದಿನಾ ಕುಡಿಯುವವರಿಗೆ, ವಾಂತಿಯಾಗಿ ತುಂಬಾ ದಿನ ಊಟ ಸೇರದವರಿಗೆ, ಬಾಣಂತನದ ಪಥ್ಯ ಎಂದು ಬರೀ ಬಿಳಿ ಅನ್ನದಲ್ಲಿ ಇಟ್ಟವರಿಗೆ. ಇನ್ನೊಂದು ಗುಂಪು ವರ್ಷಗಟ್ಟಲೆ ನೀರು ಹೋಗುವ ಮಾತ್ರೆ ತಗೊಳ್ಳುವವರು. ನೀರಿನ ಜೊತೆ ಬಿ1 ಕೂಡ ಮೂತ್ರದಲ್ಲಿ ಹೋಗಿಬಿಡುತ್ತದೆ. ಮಾವನವರ ಚೀಟಿಯಲ್ಲಿ ಥಯಾಮಿನ್ ಯಾಕಿದೆ ಎಂದು ನನಗೆ ಗೊತ್ತಾಗಿದ್ದು ಅವತ್ತು. ಅದು ಶಕ್ತಿ ಮಾತ್ರೆ, ಬಿಟ್ಟರೂ ನಡೆಯುತ್ತೆ ಎಂದು ಮಾವನವರು ಎಷ್ಟೋ ಸಲ ಪಕ್ಕಕ್ಕಿಡುತ್ತಿದ್ದರು. ಮನೆಗೆ ಬಂದವಳೇ ಅವರ ಮಾತ್ರೆ ಡಬ್ಬಿ ತೆಗೆದು ಲೆಕ್ಕ ಹಾಕಿದೆ. ಅವರಿಗೆ ಸಿಟ್ಟು ಬಂತು. ಬರಲಿ.

ಹೊಸ ಮಾತ್ರೆ ಶುರುವಾಗಿ ಎರಡನೇ ವಾರದ ಹೊತ್ತಿಗೆ ಪುಸ್ತಕದ ಅಂಕಿಗಳು ಕದಲಿದವು. ಸಂಜೆಯ 10 ಹೋಗಿ 9 ಮುಕ್ಕಾಲು, ಆಮೇಲೆ 9 ಕಾಲು. ಬೆಳಿಗ್ಗೆ 9ಕ್ಕಿಂತ ಒಂದು ಗೆರೆ ಕಡಿಮೆ. ಹೆಬ್ಬೆರಳು ಒತ್ತಿದರೆ ಗುಂಡಿ ಬೀಳುವುದು ನಿಂತಿತು. ಬಿಪಿಯೂ ಹಿಡಿತದಲ್ಲಿದೆ. ಪೂರ್ತಿ ಮಾತ್ರೆಯ ಪುಣ್ಯ ಎಂದು ಹೇಳಲಾರೆ. ಅಷ್ಟರಲ್ಲಿ ಹಬ್ಬದ ಕೆಲಸ ಇಳಿದಿತ್ತು, ಹಪ್ಪಳ ಬಿಟ್ಟಿದ್ದೆ. ಒಂದೊಂದು ಬ್ಲೌಸ್ ಮುಗಿದ ಮೇಲೂ ಎದ್ದು ನಿಂತು ಹಿಮ್ಮಡಿ ಎತ್ತಿ ಇಳಿಸುವುದನ್ನು ಕಲಿತಿದ್ದೆ. ಮೀನಖಂಡ ಬಿಗಿದರೆ ಅದು ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಅಂಗಡಿಗೆ ಬಂದವರು ಇದೇನಕ್ಕಾ ಡ್ಯಾನ್ಸು ಎಂದು ಕೇಳುತ್ತಾರೆ.

ಇನ್ನು ಬಿ6 ಮತ್ತು ಮೆಗ್ನೀಸಿಯಂ. ಅವು ನನ್ನ ಕಾಲಿಗೆ ಬೇಕಾಗಲಿಲ್ಲ, ನನ್ನ ತಂಗಿಯ ಕಥೆಗೆ ಬಂದವು. ಅವಳಿಗೆ ಮುಟ್ಟಿನ ಮುಂಚಿನ ವಾರ ಮುಖ, ಬೆರಳು, ಎದೆ ಎಲ್ಲ ಬಿಗಿದುಕೊಳ್ಳುತ್ತದೆ, ಉಂಗುರ ಹೊರಗೆ ಬರುವುದಿಲ್ಲ. ಮುಟ್ಟಾದ ಎರಡು ದಿನಕ್ಕೆ ಎಲ್ಲ ಇಳಿಯುತ್ತದೆ. ಊತಕ್ಕೆ ವಿಟಮಿನ್ ಎಂದು ಪೇಟೆಯಲ್ಲಿ ಹೇಳುವುದು ಹೆಚ್ಚಾಗಿ ಈ ಊತದ ಬಗ್ಗೆ ಎಂದು ಮೇಡಂ ಹೇಳಿದರು. 1998ರಲ್ಲಿ ಇಂಗ್ಲೆಂಡಿನಲ್ಲಿ 38 ಹೆಂಗಸರಿಗೆ ದಿನಕ್ಕೆ 200 ಮಿಲಿಗ್ರಾಂ ಮೆಗ್ನೀಸಿಯಂ ಕೊಟ್ಟು ನೋಡಿದ್ದರು. ಮೊದಲ ತಿಂಗಳು ಏನೂ ವ್ಯತ್ಯಾಸ ಕಾಣಲಿಲ್ಲ, ಎರಡನೇ ತಿಂಗಳು ಊತ, ಉಬ್ಬರ ಕಡಿಮೆಯಾಯಿತು. ಬಿ6 ಬಗ್ಗೆ ನಡೆದ ಅಧ್ಯಯನಗಳನ್ನು 1999ರಲ್ಲಿ ಒಟ್ಟಿಗೆ ಹಾಕಿ ನೋಡಿದಾಗ ಮುಟ್ಟಿನ ಮುಂಚಿನ ತೊಂದರೆಗೆ ಸ್ವಲ್ಪ ಉಪಯೋಗ ಇರಬಹುದು ಅನ್ನಿಸಿತಂತೆ, ಆದರೆ ಆ ಅಧ್ಯಯನಗಳೇ ಅಷ್ಟು ಗಟ್ಟಿಯಾಗಿರಲಿಲ್ಲ. ಇಷ್ಟು ಸಣ್ಣ ಆಧಾರದ ಮೇಲೆ ನನ್ನಂಥವರ ಕಾಲಿಗೂ ಅದೇ ಸ್ಟ್ರಿಪ್ಪು ಮಾರುತ್ತಾರೆ ಎನ್ನುವುದು ನನಗೆ ಸರಿ ಕಾಣುವುದಿಲ್ಲ.

ತಂಗಿಯ ಕಿಡ್ನಿ ಸರಿ ಇದೆ ಎಂದು ನೋಡಿಕೊಂಡು, ಎರಡು ಮೂರು ತಿಂಗಳು ಮೆಗ್ನೀಸಿಯಂ ತಗೊಂಡು ನೋಡಿ, ಉಪಯೋಗ ಕಾಣದಿದ್ದರೆ ನಿಲ್ಲಿಸಿ ಎಂದರು. ಭೇದಿಯಾದರೆ ಡೋಸು ಕಡಿಮೆ ಮಾಡಬೇಕು. ಕುಂಬಳಬೀಜ, ಕಡಲೆಕಾಯಿ, ಎಳ್ಳು, ರಾಗಿ, ಸೊಪ್ಪು ಎಲ್ಲದರಲ್ಲೂ ಮೆಗ್ನೀಸಿಯಂ ಇದೆ, ಅದೂ ಇರಲಿ ಎಂದರು. ಮುಟ್ಟಿನ ಮುಂಚಿನ ವಾರ ಬೇಕರಿ ಕಡೆ ಹೋಗಬೇಡಿ ಎಂದೂ ಸೇರಿಸಿದರು.

ನಾನು ತಂಗಿಗೂ ಒಂದು ಹಳೇ ಟೇಪು ಕೊಟ್ಟೆ. ಅವಳು ಬೆರಳಿನ ಸುತ್ತಳತೆ ಬರೆಯಲು ಶುರು ಮಾಡಿದಳು. ಎರಡನೇ ತಿಂಗಳು ಉಂಗುರ ಸಲೀಸಾಗಿ ತಿರುಗಿತು. ಮೆಗ್ನೀಸಿಯಂನಿಂದಲೋ, ಖಾರಾ ಬನ್ನು ಬಿಟ್ಟಿದ್ದರಿಂದಲೋ ಎಂದು ನಾವಿಬ್ಬರೂ ಕೂತು ತಲೆ ಕೆಡಿಸಿಕೊಂಡೆವು. ಎರಡನ್ನೂ ಒಟ್ಟಿಗೇ ಮಾಡಿದ್ದರಿಂದ ಗೊತ್ತಾಗುವ ಹಾಗಿರಲಿಲ್ಲ. ಈ ತಿಂಗಳು ಮಾತ್ರೆ ನಿಲ್ಲಿಸಿ ನೋಡುತ್ತೇನೆ ಅಕ್ಕ ಎಂದಿದ್ದಾಳೆ. ಬನ್ನು ಆಗಲೇ ಶುರುವಾಗಿದೆ.